ಚೆನ್ನಾಗಿ ಕಂಡ ಜಾಗದ ಚೂರು

ತರಗುಪೇಟೆಯಲ್ಲಿ ಮೂವತ್ತು ವರ್ಷ ಬೇಳೆಕಾಳು ಮಾರಿದವನಿಗೆ, ಮೂಟೆಗೆ ಚುಚ್ಚಿ ಕಾಳು ತೆಗೆದು ನೋಡುವ ಕೊಳವೆ ಹೊಸದಲ್ಲ. ಆದರೆ ಅವತ್ತು ಮೂಟೆ ನಾನೇ. ತಿಂಗಳುಗಟ್ಟಲೆ ರಕ್ತಭೇದಿ. ಕೆಳಗಿನಿಂದ ಕ್ಯಾಮೆರಾ ಬಿಟ್ಟು ನೋಡಿದರೂ ಕರುಳಿನ ಎರಡು ಕಾಯಿಲೆಗಳಲ್ಲಿ ಇದು ಯಾವುದೆಂದು ತೀರ್ಮಾನವಾಗಿರಲಿಲ್ಲ. ಅದು ಗೊತ್ತಾಗದೆ ದೊಡ್ಡ ಕರುಳು ತೆಗೆಯಬೇಕೋ ಬೇಡವೋ ಹೇಳುವಂತಿರಲಿಲ್ಲ.

“ಕೆಟ್ಟಿರೋದು ಕೆಳಗಡೆ, ನೀವು ಬಾಯಿಂದ ಯಾಕಮ್ಮ ಬರ್ತೀರಿ?” ಅಂದೆ, ಈ ಸಲ ಬಾಯಿಂದ ಕ್ಯಾಮೆರಾ ಬಿಡಲು ನಿಂತಿದ್ದ ಡಾಕ್ಟರಿಗೆ.

“ಒಂದು ಕಾಯಿಲೆ ಕೆಳಗೇ ಇರತ್ತೆ ಯಜಮಾನ್ರೆ, ಇನ್ನೊಂದು ಬಾಯಿವರೆಗೂ ಎಲ್ಲಿ ಬೇಕಾದ್ರೂ ಇರಬಹುದು. ಈಗ ಬಾಯಿ ತೆಗೀರಿ, ಮಾತಾಡೋಕಲ್ಲ,” ಅಂದರು ಬಸವನಗುಡಿಯ ಆ ಡಾಕ್ಟರಮ್ಮ.

ಪಕ್ಕದ ಟೀವಿಯಲ್ಲಿ ನನ್ನ ಹೊಟ್ಟೆಯ ಒಳಗು ಒದ್ದೆ ರೇಷ್ಮೆಯ ಹಾಗೆ ಹೊಳೆಯುತ್ತಿತ್ತು. ಐವತ್ತು ವರ್ಷ ಹೊತ್ತು ತಿರುಗಿದ ಸರಕನ್ನು ಮೊದಲ ಸಲ ಕಂಡು, ರೆಪ್ಪೆ ಬಡಿಯುವುದನ್ನೇ ಮರೆತೆ. ಒಂದು ಹುಣ್ಣೂ ಇಲ್ಲ. ಆದರೂ ಆಕೆ ಚೆನ್ನಾಗಿ ಕಂಡ ಜಾಗದಿಂದಲೇ ಎರಡು ಚೂರು ಕಿತ್ತುಕೊಂಡರು.

ವಾರದ ಮೇಲೆ ಆ ಚೂರುಗಳಲ್ಲೇ ಎರಡನೇ ಕಾಯಿಲೆಯ ಗುರುತು ಸಿಕ್ಕಿತು. “ಇದು ಎಲ್ಲಿ ಬೇಕಾದ್ರೂ ಬರೋದು, ದೊಡ್ಡ ಕರುಳು ತೆಗೆದ್ರೂ ಹೋಗಲ್ಲ. ಕರುಳು ತೆಗೆಯೋದು ಸದ್ಯಕ್ಕೆ ಬೇಡ, ಮಾತ್ರೆ ಕೊಟ್ಟು ನೋಡೋಣ,” ಅಂದರು.

ಈಗ ಗಿರಾಕಿಗಳು ನನ್ನ ಚೆನ್ನಾಗಿ ಕಾಣುವ ಮೂಟೆಗೂ ಕೊಳವೆ ಚುಚ್ಚಿದರೆ, ಕಾಫಿ ತರಿಸಿ ಗಮನ ತಪ್ಪಿಸುವುದನ್ನು ಬಿಟ್ಟಿದ್ದೇನೆ. ಬಹುಮಟ್ಟಿಗೆ.