ಬೆಂಚಪ್ಪನ ಸಹಿ

ಗೋಲ್‌ಕೀಪರ್ ಎಂದರೆ ಜನರ ಕಣ್ಣ ಮುಂದೆ ಬರುವುದು ಹಾರಿ ಚೆಂಡು ಹಿಡಿಯುವವನು. ನಮ್ಮ ಬೆಂಚಪ್ಪ ಹಾರಿದ್ದು ಕಡಿಮೆ, ಕೂತಿದ್ದೇ ಹೆಚ್ಚು. ಹನ್ನೊಂದು ವರ್ಷ ಅವನು ನಮ್ಮ ಫುಟ್‌ಬಾಲ್ ಕ್ಲಬ್ಬಿನ ಎರಡನೇ ಗೋಲ್‌ಕೀಪರ್ ಆಗಿದ್ದ. ಎರಡನೆಯವನು ಆಡಬೇಕಾದರೆ ಮೊದಲನೆಯವನಿಗೆ ಏನಾದರೂ ಆಗಬೇಕು. ನಮ್ಮ ಮೊದಲನೆಯವನೋ, ಕಲ್ಲುಗುಂಡಿನಂಥ ಆಳು. ಅವನಿಗೆ ಒಂದು ನೆಗಡಿ ಬಂದದ್ದನ್ನೂ ನಾನು ಕಾಣೆ. ಹಾಗಾಗಿ ಇವನು ಬೆಂಚಿನ ಮೇಲೆ ಕೂತೇ ಕೂತ. ಬೆಂಚಪ್ಪ ಅಂತ ಹೆಸರಿಟ್ಟವನು ನಾನೇ. ಮೊದಲ ಸಲ ಕರೆದಾಗ ಅವನು ಸಿಟ್ಟಾಗುವ ಬದಲು ನಕ್ಕುಬಿಟ್ಟ, ಹೆಸರು ಅಂಟಿಕೊಂಡಿತು.

ನಾನು ಆ ಕ್ಲಬ್ಬಿನಲ್ಲಿ ಮಾಲೀಶು ಮಾಡುವವನು. ಆಟಗಾರರ ತೊಡೆ ತಿಕ್ಕುವುದು, ಬೆರಳಿಗೆ ಪಟ್ಟಿ ಸುತ್ತುವುದು, ಮಲಗಿದಲ್ಲೇ ಅವರು ಹೇಳಿಕೊಳ್ಳುವ ಗೋಳು ಕೇಳುವುದು ನನ್ನ ಕೆಲಸ. ಆಟಗಾರನ ಮೈ ನನಗೆ ಗೊತ್ತಿದ್ದಷ್ಟು ಡಾಕ್ಟರಿಗೂ ಗೊತ್ತಿಲ್ಲ ಎಂಬ ಜಂಬ ನನಗೆ ಮೊದಲಿಂದಲೂ ಇದೆ. ಇತ್ತು ಅಂತ ಹೇಳುವುದೇ ಸರಿ.

ಬೆಂಚಪ್ಪನ ಕೈ ನೋಡಿದವರು ಇವನು ಸುಮ್ಮನೆ ಕೂತವನು ಎಂದರೆ ನಂಬುತ್ತಿರಲಿಲ್ಲ. ನಮ್ಮ ಕ್ಲಬ್ಬಿನಲ್ಲಿ ಒಂದು ಪದ್ಧತಿ. ಮೊದಲ ಕೀಪರ್‌ನ ಕೈ ಪಂದ್ಯಕ್ಕೆ ಚೆನ್ನಾಗಿರಬೇಕು, ಆದ್ದರಿಂದ ಅಭ್ಯಾಸದಲ್ಲಿ ಹತ್ತಿರದಿಂದ ಬಾರಿಸುವ ಜೋರು ಹೊಡೆತಗಳಿಗೆಲ್ಲ ಎರಡನೆಯವನನ್ನೇ ನಿಲ್ಲಿಸುವುದು. ವಾರಕ್ಕೆ ಐದು ದಿನ ಇಡೀ ತಂಡ ಸಾಲಾಗಿ ನಿಂತು ಇವನ ಮೇಲೆ ಚೆಂಡು ಬಾರಿಸುತ್ತಿತ್ತು. ಹತ್ತು ಬೆರಳಲ್ಲಿ ಒಮ್ಮೆಯೂ ಮುರಿಯದೆ ಉಳಿದದ್ದು ನಾಲ್ಕೇ. ಪಂದ್ಯದಲ್ಲಿ ಒಂದು ಬೆರಳೂ ಮುರಿದಿರಲಿಲ್ಲ, ಯಾಕೆಂದರೆ ಲೀಗಿನಲ್ಲಿ ಅವನು ಅಷ್ಟೂ ವರ್ಷಗಳಲ್ಲಿ ಆಡಿದ್ದು ಒಟ್ಟು ಹನ್ನೆರಡು ನಿಮಿಷ. ನಿಮ್ಮಪ್ಪ ಏನು ಮಾಡ್ತಾರೆ ಎಂದು ಶಾಲೆಯಲ್ಲಿ ಕೇಳಿದಾಗ ಅವನ ಮಗಳು, "ಮ್ಯಾಚ್ ನೋಡ್ತಾರೆ" ಅಂದಳಂತೆ. ಇದನ್ನು ಅವನೇ ನನ್ನ ಮೇಜಿನ ಮೇಲೆ ಬೋರಲು ಮಲಗಿಕೊಂಡು ಹೇಳಿದ. ಮುಖ ನನಗೆ ಕಾಣಲಿಲ್ಲ.

ಅವನಿಗೆ ಮೂವತ್ತನಾಲ್ಕು ತುಂಬಿದ ವರ್ಷ, ಒಂದು ಬುಧವಾರ, ಫೋನ್ ಬಂತು. ಮಾಡಿದವರು ಆರು ವರ್ಷದ ಹಿಂದೆ ನಮಗೆ ಕೋಚ್ ಆಗಿದ್ದು ಈಗ ಬೇರೆ ಊರಿನ ದೊಡ್ಡ ಕ್ಲಬ್ಬಿಗೆ ಕೋಚ್ ಆಗಿದ್ದವರು. ಅವರ ಮೊದಲ ಕೀಪರ್‌ನ ಮಂಡಿ ಹೋಗಿತ್ತು, ಉಳಿದವನು ತೀರಾ ಎಳಸು. "ಶುಕ್ರವಾರ ಐದು ಗಂಟೆಯೊಳಗೆ ಕಾಗದಪತ್ರ ಮುಗಿದ್ರೆ ನೀನು ನಮ್ಮ ಕೀಪರ್ ಕಣಯ್ಯ" ಅಂದರಂತೆ. ಆಟಗಾರರು ಕ್ಲಬ್ ಬದಲಾಯಿಸಲು ಫುಟ್‌ಬಾಲ್ ಮಂಡಳಿ ಕೊಟ್ಟಿದ್ದ ಅವಧಿ ಆ ಶುಕ್ರವಾರ ಸಂಜೆ ಐದಕ್ಕೆ ಮುಗಿಯುತ್ತಿತ್ತು. ಆಮೇಲೆ ಆರು ತಿಂಗಳು ಬಾಗಿಲು ಬಂದ್.

ಅವನು ನನ್ನ ಕೋಣೆಗೆ ಓಡಿ ಬಂದು, ಬಾಗಿಲು ಹಾಕಿ, ಬಲಗೈ ಮುಂದೆ ಹಿಡಿದ. "ಅಣ್ಣಾ, ಇದಕ್ಕೇನ್ ಮಾಡೋದು?"

ಅವನ ಬಲಗೈ ತೋರುಬೆರಳು ಹದಿನೇಳು ದಿನದ ಹಿಂದೆ ಅಭ್ಯಾಸದಲ್ಲಿ ಮುರಿದಿತ್ತು. ಗೊತ್ತಿದ್ದದ್ದು ನಮ್ಮಿಬ್ಬರಿಗೇ. ಬೆರಳು ಮುರಿದಿದೆ ಎಂದರೆ ಅದನ್ನೇ ನೆಪ ಮಾಡಿ ನಮ್ಮ ಕ್ಲಬ್ಬಿನವರು ಅವನ ಜಾಗಕ್ಕೆ ಬೇರೆಯವನನ್ನು ತರುತ್ತಾರೆಂದು ನಾನೇ ಬಾಯಿಮುಚ್ಚಿಸಿದ್ದೆ. ಎರಡು ಬೆರಳು ಜೋಡಿಸಿ, ಮೈಬಣ್ಣದ ಪಟ್ಟಿ ಸುತ್ತಿ, ದಿನಾ ಮೈದಾನಕ್ಕೆ ಕಳಿಸುತ್ತಿದ್ದೆ.

"ಏನೂ ಮಾಡೋದಿಲ್ಲ. ಸುಮ್ನೆ ಬಾಯಿ ಮುಚ್ಕೊಂಡ್ ಹೋಗು" ಅಂದೆ.

"ಹೇಳ್ಬಿಡೋಣ ಅಣ್ಣಾ. ಕೋಚ್ ಸಾರ್ ಒಳ್ಳೆಯವರು."

"ಒಳ್ಳೆಯವರು ಸರಿ, ಮುರಿದ ಕೈಯವನನ್ನ ಗೋಲಲ್ಲಿ ನಿಲ್ಲಿಸೋಕೆ ಅವರಿಗೇನು ತಲೆ ಕೆಟ್ಟಿದ್ಯಾ?"

ಗುರುವಾರ ಹೊಸ ಕ್ಲಬ್ಬಿನವರು ಹೇಳಿದ ಆಸ್ಪತ್ರೆಯಲ್ಲಿ ಎದೆ ನೋಡಿದರು, ಮಂಡಿ ನೋಡಿದರು, ಬೆರಳನ್ನು ಯಾರೂ ಕೇಳಲಿಲ್ಲ. ಅರ್ಜಿಯಲ್ಲಿ 'ಈಗ ಇರುವ ಗಾಯಗಳು' ಎಂಬಲ್ಲಿ 'ಇಲ್ಲ' ಎಂದು ಬರೆದವನು ನಾನು. ಅವನಿಗೆ ಪೆನ್ನು ಹಿಡಿಯುವುದು ಕಷ್ಟವಾಗುತ್ತಿತ್ತು. ಆ ಒಂದು ಮಾತು ಆಗಲೇ ನಮ್ಮ ತಲೆಗೆ ಹೊಳೆಯಬೇಕಿತ್ತು.

ಶುಕ್ರವಾರ ಬೆಳಿಗ್ಗೆ ನಮ್ಮ ಕ್ಲಬ್ ಅವನಿಗೆ ಬಿಡುಗಡೆ ಪತ್ರ ಕೊಟ್ಟಿತು. ಹನ್ನೊಂದು ವರ್ಷದ ನಂಟು ಮುರಿಯಲು ಹನ್ನೊಂದು ನಿಮಿಷವೂ ಹಿಡಿಯಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅವನ ಜಾಗಕ್ಕೆ ಇನ್ನೊಬ್ಬನ ಹೆಸರು ಬರೆಸಿಯೂ ಆಗಿತ್ತು. ಎರಡು ಗಂಟೆಗೆ ಹೊಸ ಕ್ಲಬ್ಬಿನ ಕರಾರು ಬಂತು. ಕಚೇರಿಯ ಗುಮಾಸ್ತೆ, ನಾವು ಮೇಡಂ ಎಂದು ಕರೆಯುತ್ತಿದ್ದವರು, ಅದನ್ನು ಪ್ರಿಂಟ್ ತೆಗೆದು ಇವನಿಂದ ಸಹಿ ಹಾಕಿಸಿ, ಸ್ಕ್ಯಾನ್ ಮಾಡಿ ಮಂಡಳಿಗೆ ಕಳಿಸಿದರು. ಅವನ ಹೆಂಡತಿ ಎರಡು ಚೀಲ ತುಂಬಿಕೊಂಡು ಬಂದು ಕಚೇರಿಯ ಹೊರಗಿನ ಕುರ್ಚಿಯಲ್ಲಿ ಕೂತಿದ್ದಳು. ಮಗಳನ್ನು ಸದ್ಯಕ್ಕೆ ಅಜ್ಜಿಯ ಮನೆಯಲ್ಲಿ ಬಿಟ್ಟು ಏಳು ಗಂಟೆಯ ಬಸ್ಸಿಗೆ ಇಬ್ಬರೂ ಹೊರಡುವುದೆಂದು ಮಾತಾಗಿತ್ತು. ಅವಳು ಕೆಲಸಕ್ಕಿದ್ದ ಟೈಲರ್ ಅಂಗಡಿಯನ್ನು ಹಿಂದಿನ ದಿನವೇ ಬಿಟ್ಟು ಬಂದಿದ್ದಳು.

ಮೂರೂವರೆಗೆ ಮಂಡಳಿಯಿಂದ ಉತ್ತರ ಬಂತು. ಮೇಡಂ ಅದನ್ನು ಕಂಪ್ಯೂಟರಿನಲ್ಲಿ ಓದಿ, ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು.

"ಸಹಿ ಹೊಂದ್ತಾ ಇಲ್ವಂತೆ. ನೋಂದಣಿ ಮಾಡಿಸಿದಾಗ ಹಾಕಿದ್ದ ಸಹಿಗೂ ಇದಕ್ಕೂ ಸಂಬಂಧನೇ ಇಲ್ಲ ಅಂತಿದ್ದಾರೆ."

ಹಳೆಯ ಸಹಿಯನ್ನು ಪರದೆಯ ಮೇಲೆ ತೆಗೆದರು. ಅದು ಇಪ್ಪತ್ತಮೂರರ ಪೋರನ ಸಹಿ. ಮೊದಲಕ್ಷರಕ್ಕೆ ಒಂದು ದೊಡ್ಡ ಸುತ್ತು, ಕೊನೆಯಲ್ಲಿ ಹಿಂದಕ್ಕೆ ಬಂದು ಹೆಸರಿನ ಕೆಳಗೆಲ್ಲ ಓಡುವ ಬಾಲ, ಬಾಲದ ತುದಿಗೆ ಎರಡು ಚುಕ್ಕೆ. ಆಟೋಗ್ರಾಫ್ ಕೇಳಲು ಜನ ಮುತ್ತಿಕೊಳ್ಳುತ್ತಾರೆಂದು ಕೂತು ಅಭ್ಯಾಸ ಮಾಡಿದ ಸಹಿ. ಹನ್ನೊಂದು ವರ್ಷದಲ್ಲಿ ಯಾರೂ ಅದನ್ನು ಕೇಳಿರಲಿಲ್ಲ. ಈಗ ಕೇಳುತ್ತಿದ್ದರು. ಈ ಶುಕ್ರವಾರ ಹಾಕಿದ್ದು ಮಾತ್ರ ಇರುವೆ ಮಸಿಯಲ್ಲಿ ಬಿದ್ದು ನಡೆದಂತಿತ್ತು.

"ಇನ್ನೊಂದ್ಸಲ ಹಾಕಿ, ನಿಧಾನಕ್ಕೆ" ಅಂದರು ಮೇಡಂ.

ಅವನು ಹಾಕಿದ. ಹಾಳೆಯ ಮೇಲೆ ಹಾಳೆ. ಸುತ್ತು ಬರುತ್ತಿತ್ತು, ಬಾಲ ಎಳೆಯುವಾಗ ಬೆರಳು ಕೈಕೊಡುತ್ತಿತ್ತು. ಅವನ ಹಣೆಯಿಂದ ಬೆವರು ಹಾಳೆಯ ಮೇಲೆ ತೊಟ್ಟಿಕ್ಕಿ ಎರಡು ಹಾಳೆ ಕೆಟ್ಟವು. ಇದ್ದುದರಲ್ಲಿ ವಾಸಿ ಎನ್ನಿಸಿದ್ದನ್ನು ಕಳಿಸಿದೆವು. ನಾಲ್ಕೂಕಾಲಿಗೆ ಅದೂ ವಾಪಸ್ ಬಂತು.

ಮೇಡಂ ಮಂಡಳಿಯ ಅಧಿಕಾರಿಗೇ ಫೋನ್ ಹಚ್ಚಿದರು. ಆ ಮನುಷ್ಯ ಕೆಟ್ಟವನೇನಲ್ಲ. ಕೈಗೆ ಏನಾದರೂ ಆಗಿದ್ದರೆ ಡಾಕ್ಟರಿಂದ ಎರಡು ಸಾಲು ಬರೆಸಿ ಕಳಿಸಿ, ಸಹಿ ಬೇರೆಯಾಗಿದ್ದರೂ ಒಪ್ಪಿಕೊಳ್ಳುತ್ತೇನೆ ಎಂದ. ಮೇಡಂ ಫೋನ್ ಕೆಳಗಿಟ್ಟು ನಮ್ಮಿಬ್ಬರ ಮುಖ ನೋಡಿದರು.

"ಕೈಗೆ ಏನಾಗಿದೆ? ನಿಜ ಹೇಳಿ. ನಮ್ಮ ಡಾಕ್ಟ್ರು ಮೇಲಿನ ಮಹಡಿಯಲ್ಲೇ ಇದ್ದಾರೆ, ಐದು ನಿಮಿಷದ ಕೆಲಸ."

ಬೆಂಚಪ್ಪ ನನ್ನ ಕಡೆ ತಿರುಗಿದ. ನಾನು ಹೂಂ ಅಂದರೆ ಸಾಕಿತ್ತು.

ನಾನು ಹೂಂ ಅನ್ನಲಿಲ್ಲ. ಡಾಕ್ಟರ ಪತ್ರದ ಪ್ರತಿ ಹೊಸ ಕ್ಲಬ್ಬಿಗೂ ಹೋಗುತ್ತದೆ, 'ಗಾಯ ಇಲ್ಲ' ಎಂದು ಬರೆದದ್ದು ಸುಳ್ಳೆಂದು ಬಯಲಾಗುತ್ತದೆ, ಅವರು ಕೈ ತೊಳೆದುಕೊಳ್ಳುತ್ತಾರೆ. ಇಷ್ಟೆಲ್ಲ ನನ್ನ ತಲೆಯಲ್ಲಿ ಕ್ಷಣದಲ್ಲಿ ಓಡಿತು. ಅದರ ಹಿಂದೆ ನನ್ನ ದರಿದ್ರ ಜಂಬವೂ ಓಡಿತು.

"ಸ್ವಲ್ಪ ಊದಿದೆ ಅಷ್ಟೇ ಮೇಡಂ. ಕಾಲು ಗಂಟೆ ಕೊಡಿ, ನಾನು ಸರಿ ಮಾಡ್ತೀನಿ" ಅಂದೆ.

ನನ್ನ ಕೋಣೆಗೆ ಎಳೆದುಕೊಂಡು ಹೋದೆ. ಐಸ್ ತುಂಬಿದ ಬಕೆಟ್ಟಿನಲ್ಲಿ ಕೈ ಮುಳುಗಿಸಿದೆ. ಪಟ್ಟಿ ಬಿಚ್ಚಿದಾಗ ಬೆರಳು ಬದನೆಕಾಯಿಯಂತೆ ನೀಲಿಗಟ್ಟಿತ್ತು. ಪೆನ್ನನ್ನು ಹೆಬ್ಬೆರಳಿಗೂ ನಡುಬೆರಳಿಗೂ ಸೇರಿಸಿ ಬಿಗಿಯಾಗಿ ಸುತ್ತಿದೆ. "ಬರಿ" ಅಂದೆ. ಅವನು ಹಲ್ಲು ಕಚ್ಚಿಕೊಂಡು ಬರೆದ. "ಇನ್ನೊಂದು" ಅಂದೆ. ಗೋಡೆ ಗಡಿಯಾರ ನೋಡಬಾರದೆಂದು ನಾನು ಅದಕ್ಕೆ ಬೆನ್ನು ಮಾಡಿ ನಿಂತಿದ್ದೆ, ಅವನು ಮಾತ್ರ ಪ್ರತಿ ಸಹಿಗೂ ತಲೆಯೆತ್ತಿ ಅದನ್ನೇ ನೋಡುತ್ತಿದ್ದ. ಹಳೆಯ ಸಹಿಯ ಪ್ರತಿ ಎದುರಿಗಿತ್ತು. ಬೇರೆಯವರ ಸಹಿ ಕದಿಯುವ ಕಳ್ಳನ ಹಾಗೆ ಅವನು ತನ್ನದೇ ಸಹಿಯನ್ನು ನೋಡಿ ನೋಡಿ ಬರೆಯುತ್ತಿದ್ದ. ಒಂದು ಸಲ ನೋವು ತಡೆಯಲಾರದೆ ಎಡಗೈಯಿಂದ ಮೇಜು ಗುದ್ದಿದ. ಅವನ ಕಣ್ಣಲ್ಲಿ ನೀರು ಕಂಡೆ, ಆದರೂ "ಇನ್ನೊಂದು" ಅಂದೆ.

ಕೊನೆಗೂ ಬಂತು. ಸುತ್ತು, ಬಾಲ, ಎರಡು ಚುಕ್ಕೆ, ಎಲ್ಲ ಅಚ್ಚು ಹಾಕಿದಂತೆ. ಹಾಳೆ ಹಿಡಿದು ಮೆಟ್ಟಿಲು ಹಾರಿ ಕಚೇರಿಗೆ ಓಡಿದೆ, ಅವನೂ ಹಿಂದೆಯೇ ಬಂದ. ಆಗ ಐದಕ್ಕೆ ನಾಲ್ಕು ನಿಮಿಷ. ಮೇಡಂ ಸ್ಕ್ಯಾನರ್‌ಗೆ ಹಾಕಿದರು. ಐಸಿನ ನೀರು ತಾಗಿ ಹಾಳೆಯ ಅಂಚು ಒದ್ದೆಯಾಗಿತ್ತು, ಯಂತ್ರದೊಳಗೆ ಮಡಿಚಿಕೊಂಡು ಸಿಕ್ಕಿಹಾಕಿಕೊಂಡಿತು. ಮೇಡಂ ಮುಚ್ಚಳ ತೆಗೆದು, ಉಸಿರು ಬಿಗಿಹಿಡಿದು, ಹರಿಯದ ಹಾಗೆ ಎಳೆದು, ಮತ್ತೆ ಹಾಕಿ ಕಳಿಸಿದರು. ಪರದೆಯ ಮೇಲೆ ಚಕ್ರ ತಿರುಗಿತು. ಮೂವರೂ ಅದನ್ನೇ ನೋಡುತ್ತ ನಿಂತೆವು. ಆಮೇಲೆ ಚಕ್ರ ಹೋಗಿ ಒಂದೇ ಸಾಲು ಮೂಡಿತು: ಅರ್ಜಿ ಐದು ಗಂಟೆ ಒಂದು ನಿಮಿಷಕ್ಕೆ ತಲುಪಿದೆ, ಪರಿಗಣಿಸಲಾಗುವುದಿಲ್ಲ.

ಮೇಡಂ ಮತ್ತೆ ಫೋನ್ ಮಾಡಿದರು, ಅತ್ತ ಯಾರೂ ಎತ್ತಲಿಲ್ಲ. ಬೆಂಚಪ್ಪ ಗೋಡೆಗೆ ಒರಗಿ ಹಾಗೇ ಕೆಳಗೆ ಕುಸಿದು ಕೂತ. ಅವನಿಗೆ ಹೊಸ ಕ್ಲಬ್ ಸಿಗಲಿಲ್ಲ, ಹಳೆಯದು ಬೆಳಿಗ್ಗೆಯೇ ಕೈಬಿಟ್ಟಿತ್ತು. ಬೆಂಚೂ ಇಲ್ಲದ ಬೆಂಚಪ್ಪನನ್ನು ನಾನು ಅವತ್ತೇ ನೋಡಿದ್ದು. ಆರು ತಿಂಗಳು ಆಡದೆ ಮನೆಯಲ್ಲಿ ಕೂತ ಮೂವತ್ತನಾಲ್ಕರ ಕೀಪರ್‌ನನ್ನು ಆಮೇಲೆ ಯಾರೂ ಕರೆಯುವುದಿಲ್ಲ. ಇದು ಅವನಿಗೂ ಗೊತ್ತು, ನನಗೂ ಗೊತ್ತು.

ಹತ್ತು ನಿಮಿಷ ಬಿಟ್ಟು ಅವನ ಫೋನ್ ಬಡಿದುಕೊಂಡಿತು. ಕೋಚ್. ಅವನು ಫೋನನ್ನು ನನ್ನ ಕೈಗೆ ತುರುಕಿದ. ನಾನು ಹೊರಗಿನ ಓಣಿಗೆ ಹೋಗಿ, ಮುಚ್ಚಿಡಲು ಇನ್ನೇನೂ ಉಳಿದಿಲ್ಲವೆಂದು, ಬೆರಳಿನ ಸಂಗತಿ ಮೊದಲಿಂದ ಕೊನೆಯವರೆಗೂ ಹೇಳಿದೆ.

"ಬೆರಳಾ?" ಅಂದರು ಕೋಚ್. "ಅಲ್ರೀ, ಅವನು ನನ್ನ ಕೈಕೆಳಗೆ ಆಡಿದ ಅಷ್ಟೂ ದಿನ ಎಲ್ಲಾ ಬೆರಳೂ ನೆಟ್ಟಗಿದ್ದಿದ್ದು ನಾನು ನೋಡೇ ಇಲ್ಲ. ಮುಂದಿನ ನಾಲ್ಕು ಮ್ಯಾಚ್ ಸಣ್ಣ ತಂಡಗಳ ಜೊತೆ, ಅದಕ್ಕೆ ನಮ್ಮ ಎಳೆಯವನೇ ಸಾಕಾಗಿತ್ತು. ನನಗೆ ಇವನು ಬೇಕಾಗಿದ್ದು ಐದನೇದರಿಂದ. ಒಂದು ಮಾತು ಹೇಳಬಾರದಿತ್ತಾ?"

ಫೋನ್ ಇಟ್ಟು ತಿರುಗಿದರೆ ಅವನ ಹೆಂಡತಿ ಚೀಲಗಳ ಪಕ್ಕ ಎದ್ದು ನಿಂತಿದ್ದಳು.

"ನನಗೆ ಗೊತ್ತಿತ್ತು ಅಣ್ಣಾ" ಅಂದಳು. "ಮೂರು ವಾರದಿಂದ ಅಂಗಿ ಗುಂಡಿನೂ ಎಡಗೈಲೇ ಹಾಕ್ಕೋತಿದ್ರು. ನಾನು ಬಟ್ಟೆ ಹೊಲಿಯೋಳು, ಬೆರಳು ಆಡದೇ ಇರೋದು ನನಗೆ ಕಾಣಲ್ವಾ? ಕೇಳಿದ್ರೆ ನೊಂದ್ಕೋತಾರೆ ಅಂತ ಸುಮ್ನಿದ್ದೆ."

ಅವಳ ಮುಖ ನೋಡುವ ಧೈರ್ಯ ನನಗಾಗಲಿಲ್ಲ. ಒಳಗೆ ಹೋದೆ. ಕೋಚ್ ಏನೂ ಹೇಳಲಿಲ್ಲ ಎಂದುಬಿಡಬಹುದಿತ್ತು, ನಾಲಿಗೆಯ ತುದಿಯವರೆಗೂ ಬಂದಿತ್ತು. ಆದರೆ ಹತ್ತೊಂಬತ್ತು ದಿನ ನಾನು ಸುಳ್ಳು ಹೇಳಿಸಿದ್ದು ಸಾಕಾಗಿತ್ತು. ಅವನ ಪಕ್ಕ ನೆಲದ ಮೇಲೆ ಕೂತು, ಕೋಚ್ ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದೆ. ಅವನು ಬೈಯುತ್ತಾನೆ, ಕುತ್ತಿಗೆಗೆ ಕೈ ಹಾಕುತ್ತಾನೆ ಎಂದುಕೊಂಡೆ. ಹಾಗೆ ಮಾಡಿದ್ದರೆ ನಾನು ಇವತ್ತು ಸ್ವಲ್ಪ ನಿದ್ದೆ ಮಾಡುತ್ತಿದ್ದೆನೇನೋ.

"ಎಷ್ಟನೇ ಮ್ಯಾಚಿಂದ ಅಂದ್ರು?"

"ಐದನೇದು."

ಅವನು ವಾರಗಳನ್ನು ಮನಸ್ಸಿನಲ್ಲೇ ಲೆಕ್ಕ ಹಾಕಿದ. ತುಟಿ ಅಲ್ಲಾಡುವುದು ನನಗೆ ಕಾಣುತ್ತಿತ್ತು.

"ಅಷ್ಟೊತ್ತಿಗೆ ಬೆರಳು ಕೂಡ್ಕೊಂಡಿರೋದು, ಅಲ್ವಾ ಅಣ್ಣಾ?" ಅಂದ.

"ಹೂಂ" ಅಂದೆ.