ಮುದ್ದೇಮಾಲಾದ ಆರು ಕ್ಯೂಬುಗಳು

ಸುರೇಬಾನದ ಗೌಂಡಿ ಅಂದಾನೆಪ್ಪ ಕಟ್ಟಿದ ಗೋಡೆ ಬಿದ್ದದ್ದಿಲ್ಲ, ಹೂಡಿದ ಚಳವಳಿ ಗೆದ್ದದ್ದಿಲ್ಲ. ಪಂಪ್‌ಸೆಟ್ಟಿನ ಕರೆಂಟಿಗಾಗಿ ಊರಿನ ರೈತರಾದ ನಮ್ಮ ಜೊತೆ ರಸ್ತೆಯಲ್ಲಿ ಕೂತು ಏಳು ಕೇಸು ಹಾಕಿಸಿಕೊಂಡಿದ್ದ. ಒಂದರಲ್ಲೂ ತಪ್ಪೊಪ್ಪಿಕೊಂಡಿರಲಿಲ್ಲ. ಒಪ್ಪಿಕೊಂಡವರಿಗೆ ಅವನು ಇಡುತ್ತಿದ್ದ ಹೆಸರುಗಳು ಬರೆಯುವಂಥವಲ್ಲ.

ಅವನ ಮಗಳು ಶೀತಲ ಬೆಳಗಾವಿಯ ಕಾಲೇಜೊಂದರಲ್ಲಿ ಕಾಂಕ್ರೀಟ್ ಉದ್ಯಮದ ಪದವಿಗೆ ಸೇರಿದಾಗ ಊರೆಲ್ಲ ನಕ್ಕಿತು. ಹೆಚ್ಚು ನಕ್ಕವನು ಅವನೇ.

"ಸಿಮೆಂಟ್ ಕಲಸಾಕ ನಾಕ್ ವರ್ಷ ಸಾಲಿ ಏನವಾ? ನಾ ನಾಕ್ ದಿನದಾಗ ಕಲಿಸ್ತಿದ್ನಿ."

"ನಿನ್ನ ಕಡೆ ಕಲತ್ರ ತಲಿ ಮ್ಯಾಲ ಬುಟ್ಟಿ ಬರತೈತೆಪಾ, ಕುಂಡ್ರಾಕ ಖುರ್ಚಿ ಬರೂದಿಲ್ಲ."

2005ರಲ್ಲಿ ಅವಳದು ಕೊನೆಯ ವರ್ಷ. ಲಾರಿಯಲ್ಲಿ ಸಿದ್ಧ ಕಾಂಕ್ರೀಟ್ ಕಳಿಸುವ ಹುಬ್ಬಳ್ಳಿಯ ಕಂಪನಿಯೊಂದು, ಪದವಿ ಕೈಗೆ ಬಂದರೆ ನೌಕರಿ ಎಂದಿತ್ತು. ಪದವಿಗೆ ಒಂದೇ ಕೆಲಸ ಬಾಕಿ. ನಮ್ಮ ಹಳ್ಳದ ಮರಳಿನಿಂದ ಆರು ಕಾಂಕ್ರೀಟ್ ಕ್ಯೂಬು ಎರಕ ಹೊಯ್ದು, ನೀರಲ್ಲಿ ಮುಳುಗಿಸಿಟ್ಟು, ಇಪ್ಪತ್ತೆಂಟನೆಯ ದಿನ ಕಾಲೇಜಿನ ಯಂತ್ರದಲ್ಲಿ ಒಡೆಸಿ, ಎಷ್ಟು ಭಾರಕ್ಕೆ ಒಡೆದವೆಂದು ಬರೆಯಬೇಕು. ಆ ದಿನ ತಪ್ಪಿದರೆ ಇನ್ನೊಂದು ವರ್ಷ. ಅವಳು ಕ್ಯೂಬುಗಳನ್ನು ಮನೆ ಮುಂದೆ ದನ ನೀರು ಕುಡಿಯುವ ದ್ವಾಣಿಯಲ್ಲಿ ಮುಳುಗಿಸಿ ಕಾಲೇಜಿಗೆ ಹೋದಳು.

ಒಂಬತ್ತನೆಯ ದಿನ ನಾವು ರಾಮದುರ್ಗದ ರಸ್ತೆ ತಡೆದೆವು. ಅಡ್ಡ ಇಡಲು ಕಲ್ಲು ಸಾಲಲಿಲ್ಲ. ಗೌಂಡಿ ಲೆಕ್ಕದಲ್ಲಿ ಏಳು ದಿನ ನೀರು ಕುಡಿಸಿದರೆ ಕಾಂಕ್ರೀಟಿನ ಕೆಲಸ ಮುಗಿಯಿತು. ಮಗಳದೂ ಮುಗಿದಿರಬೇಕು ಎಂದುಕೊಂಡ ಅಂದಾನೆಪ್ಪ ಆರೂ ಕ್ಯೂಬು ತಾನೇ ಹೊತ್ತು ತಂದ. ಅಷ್ಟು ಚಂದದ ಕಲ್ಲು ನಮ್ಮ ಯಾವ ಚಳವಳಿಗೂ ಸಿಕ್ಕಿರಲಿಲ್ಲ. ತಡೆದ ಬಸ್ಸಿನ ಡ್ರೈವರ್ ಇಳಿದು ಬಂದು ಕೈಯಾಡಿಸಿ ನೋಡಿದ.

ಪೊಲೀಸರು ಅಂದಾನೆಪ್ಪ ಸೇರಿ ನಮ್ಮಲ್ಲಿ ನಾಲ್ವರನ್ನೂ ಆರು ಕ್ಯೂಬುಗಳನ್ನೂ ಹಿಡಿದೊಯ್ದರು. ನಮಗೆ ಸಂಜೆಗೇ ಜಾಮೀನು ಸಿಕ್ಕಿತು, ಕ್ಯೂಬುಗಳಿಗೆ ಸಿಗಲಿಲ್ಲ. ಪಂಚನಾಮೆಯಲ್ಲಿ ಅವು 'ಆರು ಮಾರಕ ಕಲ್ಲು' ಆಗಿ, ಬಟ್ಟೆ ಸುತ್ತಿಸಿಕೊಂಡು, ಅರಗಿನ ಮೊಹರು ಬಿದ್ದು, ಜಪ್ತಿ ಮಾಡಿದ ವಸ್ತು ಇಡುವ ಮುದ್ದೇಮಾಲಿನ ಕೋಣೆ ಸೇರಿದವು.

ಮರುದಿನ ಶೀತಲ ಬಂದಳು. ಠಾಣೆಯ ಬಾಗಿಲಲ್ಲೇ ಅಪ್ಪ ಮಗಳಿಗೆ ಜಗಳ ಹತ್ತಿಕೊಂಡಿತು.

"ಏಳ ದಿನಾ ಆಗಿತ್ತಲ್ಲವಾ."

"ಇಪ್ಪತ್ತೆಂಟಪಾ."

"ಏಳಕ್ಕ ಸ್ಲ್ಯಾಬಿನ ಮ್ಯಾಲ ಎತ್ತು ಹತ್ತಿಸೇನಿ ನಾ."

"ಹಂಗಾದ್ರ ಕಂಪನಿಗೆ ಆ ಎತ್ತನ್ನ ಕಳಸು."

ಹವಾಲ್ದಾರ ಗಂಗಯ್ಯ ಮೊಹರು ಒಡೆಯುವುದು ಸಾಧ್ಯವಿಲ್ಲ ಎಂದ. ನೀರಲ್ಲಿ ಇಡಬಾರದೆಂದು ಎಲ್ಲಿ ಬರೆದಿದೆ ಎಂದು ಅವಳು ಕೇಳಿದಳು. ಅವನು ಹುಡುಕಿದ, ಎಲ್ಲೂ ಇರಲಿಲ್ಲ. ಬಟ್ಟೆ ಮೊಹರು ಸಮೇತ ಆರನ್ನೂ ಠಾಣೆಯ ನೀರಿನ ಪೀಪಾಯಿಗೆ ಇಳಿಸಿದ. ದಿನಾ ಬೆಳಿಗ್ಗೆ ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿಕೊಂಡು, ಕಡಿಮೆಯಾದಷ್ಟು ನೀರು ತುಂಬಿ, ಠಾಣೆಯ ಹಾಳೆಯೊಂದರಲ್ಲಿ ತಾರೀಖು ಬರೆದು ಸಹಿ ಹಾಕುತ್ತಿದ್ದ. ಬದುವಿನ ಜಗಳದ ದೂರು ಕೊಡಲು ಸಾಲಹಳ್ಳಿಯಿಂದ ಬಂದ ಬಾಯವ್ವ ಇದನ್ನು ನೋಡಿ ಪೀಪಾಯಿಗೆ ಕುಂಕುಮ ಹಚ್ಚಿ ಕೈಮುಗಿದಳು. ಆಮೇಲೆ ದೂರು ಕೊಡಲು ಬಂದವರೆಲ್ಲ ಮೊದಲು ಪೀಪಾಯಿಗೆ ಕಾಯಿ ಒಡೆಯತೊಡಗಿದರು. ಕಾಯಿಯ ಹೋಳು ಗಂಗಯ್ಯನ ಮನೆಗೆ ಹೋಗುತ್ತಿದ್ದವು.

ಆದರೆ ಕೇಸು ಮುಗಿಯದೆ ಮುದ್ದೇಮಾಲು ಬಿಡುವಂತಿಲ್ಲ, ಒಡೆಯುವುದಂತೂ ದೂರದ ಮಾತು. ನಮ್ಮ ವಕೀಲ ಬಾಳಕೃಷ್ಣ ಅವಸರದ ಅರ್ಜಿ ಹಾಕಿ ಇಪ್ಪತ್ತೇಳನೆಯ ದಿನಕ್ಕೆ ತಾರೀಖು ತಂದರು. ಬಡಿದಾಡಿದರೆ ಕೇಸು ಮೂರು ವರ್ಷ ಎಳೆಯುತ್ತದೆ, ನಾಲ್ವರೂ ತಪ್ಪೊಪ್ಪಿಕೊಂಡರೆ ಅವತ್ತೇ ಖಲಾಸ್ ಎಂದರು. ಒಪ್ಪಿಕೊಳ್ಳೋಣ ಎಂದವನು ಅಂದಾನೆಪ್ಪನೇ.

ನಿಜಗುಣಪ್ಪ ನಮ್ಮ ನಾಲ್ವರಲ್ಲಿ ಮೂಗಿನ ತುದಿಗೆ ಸಿಟ್ಟಿದ್ದವನು. "ಏಳು ಕೇಸಿನ್ಯಾಗ ಎದಿ ಎತ್ತಿ ನಿಂತಾಂವ, ಆರು ಕಲ್ಲಿಗೆ ತಲಿ ಬಗ್ಗಸ್ತಿ ಏನಲೇ?"

"ಕಲ್ಲು ಹೊತ್ತಾಂವ ನಾನು. ನೀವು ಬರೇ ಒದರೀರಿ. ಇವತ್ತೊಂದಿನ ಬಾಯಿ ಮುಚಗೊಂಡು ಹೂಂ ಅನ್ರಿ," ಎಂದ ಅಂದಾನೆಪ್ಪ.

ನಾವು ಮೂವರು ಕೋರ್ಟಿನಲ್ಲಿ ಗೊಣಗಿಕೊಂಡು ಹೂಂ ಅಂದೆವು. ತಪ್ಪೊಪ್ಪುತ್ತೀರಾ ಎಂದು ನ್ಯಾಯಾಧೀಶರು ಅಂದಾನೆಪ್ಪನನ್ನು ಕೇಳಿದರೆ, ಇಪ್ಪತ್ತು ವರ್ಷದ ಚಟ, ಅವನ ಬಾಯಿ ತಾನೇ ತೆರೆದುಕೊಂಡಿತು.

"ಇಲ್ರಿ ಸಾಹೇಬ್ರ."

ಬಾಳಕೃಷ್ಣ ಹಣೆ ಹಿಡಿದುಕೊಂಡರು. ಹಿಂದಿನ ಬೆಂಚಿನಲ್ಲಿ ಶೀತಲ ಎದ್ದು ನಿಂತಳು. ಅಂದಾನೆಪ್ಪ ಅವಳನ್ನು ನೋಡಿದ, ಟೋಪಿ ತೆಗೆದು ಹಿಂಡಿದ.

"ಐತ್ರಿ, ತಪ್ಪೈತಿ. ಏಳ ದಿನ ಅಲ್ರಿ ಅದು, ಇಪ್ಪತ್ತೆಂಟು."

ನ್ಯಾಯಾಧೀಶರಿಗೆ ತಲೆಬುಡ ತಿಳಿಯಲಿಲ್ಲ, ಆದರೂ ತಪ್ಪೊಪ್ಪಿಗೆ ಬರೆದುಕೊಂಡರು. ಕೋರ್ಟು ಏಳುವವರೆಗೆ ಮೂಲೆಯಲ್ಲಿ ಕೂತಿರುವ ಶಿಕ್ಷೆಯಾಯಿತು. ನಾವು ಕೂತೆವು. ಶೀತಲ ಅಷ್ಟರಲ್ಲಿ ಮುದ್ದೇಮಾಲು ಬಿಡಿಸಿಕೊಂಡು, ಒದ್ದೆ ಚೀಲದಲ್ಲಿ ಕಟ್ಟಿ ಬೆಳಗಾವಿ ಬಸ್ಸು ಹತ್ತಿದ್ದಳು.

ಮರುದಿನ ಆರೂ ಕ್ಯೂಬು ಬೇಕಾದ್ದಕ್ಕಿಂತ ಹೆಚ್ಚಿನ ಭಾರ ಹೊತ್ತೇ ಒಡೆದವು. ಅಷ್ಟೂ ದಿನ ನೀರಲ್ಲಿ ಇಟ್ಟದ್ದಕ್ಕೆ ದಾಖಲೆ ಏನೆಂದು ಪರೀಕ್ಷಕರು ಕೇಳಿದರಂತೆ. ಉಳಿದ ಹುಡುಗರು ತಮ್ಮ ಕೈಯಿಂದ ಬರೆದ ಹಾಳೆ ಕೊಟ್ಟಿದ್ದರು. ಶೀತಲ ಮೊದಲ ದಿನಗಳಿಗೆ ತನ್ನ ಹಾಳೆ, ಉಳಿದ ದಿನಗಳಿಗೆ ಹವಾಲ್ದಾರನ ದಿನದಿನದ ಸಹಿ, ಠಾಣೆಯ ಮೊಹರು ಇದ್ದ ಹಾಳೆ ಮುಂದಿಟ್ಟಳು. ಅವರು ಅದರ ಕೆಳಗೆ ತಮ್ಮ ಸಹಿಯನ್ನೂ ಹಾಕಿದರು.