ಕೈಗೆ ಚಪ್ಪಲಿ ಹಾಕುತ್ತಿದ್ದ ಎದುರುಮನೆ ಅಜ್ಜಿ

ಕಾರ್ತಿಕದ ಎರಡನೇ ಸೋಮವಾರ, ಬೆಳಗ್ಗೆ ಏಳೂಕಾಲು. ದಿನಚರಿಯಲ್ಲಿ ಬಿಡಿಬಿಡಿಯಾಗಿ ಬಿದ್ದಿರುವುದನ್ನು ಒಂದು ಕಡೆ ಬರೆದಿಡಲು ಕುಳಿತಿದ್ದೇನೆ.

ಎದುರುಮನೆ ಅಜ್ಜಿ ಹವಾಯಿ ಚಪ್ಪಲಿಯನ್ನು ಕೈಗೆ ಹಾಕಿಕೊಳ್ಳುತ್ತಿದ್ದರು. ಚಿಕ್ಕಂದಿನಲ್ಲೇ ಪೋಲಿಯೋ ಆಗಿ ಎರಡೂ ಕಾಲು ಸೋತಿದ್ದವು. ಅಂಗೈ ಊರಿ, ಮೈಯನ್ನು ಎತ್ತಿ ಎತ್ತಿ ಇಟ್ಟು ಸಾಗುತ್ತಿದ್ದರು. ತೋಳು ಮಾತ್ರ ತೆಂಗಿನ ಮರ ಹತ್ತುವವರದ್ದು. ಎಡಗೈ ಚಪ್ಪಲಿ ಯಾವಾಗಲೂ ಮೊದಲು ಸವೆಯುತ್ತಿತ್ತು. ತಿಪಟೂರಿನಿಂದ ಹೊಸ ಜೋಡಿ ತರುವ ಕೆಲಸ ನನ್ನದು. "ಎಷ್ಟು ನಂಬರ್ ಅಜ್ಜಿ?" ಎಂದರೆ, "ಬಳೆಗೆ ತಾಗದಂಗಿದ್ರೆ ಆಯ್ತು ಬುಡು" ಎನ್ನುತ್ತಿದ್ದರು.

ನಮ್ಮ ಬೀದಿ ಇರುವುದು ಕೆರೆ ಏರಿಯ ಕೆಳಗೆ. ಒಂದು ವರ್ಷ ಮುಸ್ಸಂಜೆ ಕೆರೆ ಕೋಡಿ ಬಿದ್ದು ನೀರು ಬೀದಿಗೇ ನುಗ್ಗಿತು. ಎಲ್ಲರೂ ಸಮುದಾಯ ಭವನಕ್ಕೆ ಓಡಿದೆವು. ಅಜ್ಜಿಯನ್ನು ಪಕ್ಕದ ಮನೆಯವರು ಕರೆತಂದಿದ್ದಾರೆಂದು ನಾವು ಅಂದುಕೊಂಡೆವು, ನಾವು ಕರೆತಂದಿದ್ದೇವೆಂದು ಅವರು. ಬೆಳಗ್ಗೆ ಹೋಗಿ ನೋಡಿದರೆ ಅಜ್ಜಿ ಅಟ್ಟದ ಮೇಲೆ, ಕೊಬ್ಬರಿಯಾಗಲು ಹಾಕಿದ್ದ ಕಾಯಿಗಳ ನಡುವೆ ಕೂತಿದ್ದರು.

"ಈಗ್ಲೇ ಯಾಕ್ರಪ್ಪ ಇಳಿಸ್ತೀರ? ಕೊಬ್ಬರಿ ಆಗೋಕೆ ಇನ್ನೂ ಹತ್ತು ತಿಂಗಳು ಬೇಕಲ್ಲ."

ಅಟ್ಟದ ಏಣಿಯನ್ನು ಹೇಗೆ ಹತ್ತಿದಿರಿ ಎಂದು ಎಷ್ಟು ಸಲ ಕೇಳಿದರೂ ಒಂದೇ ಉತ್ತರ: "ನೀವು ಬರ್ಲಿಲ್ವಲ್ಲ, ಅದಕ್ಕೆ ಹತ್ತಿದೆ."

ಮರುವರ್ಷ ಮಳೆಗಾಲಕ್ಕೆ ಮೊದಲು ಪಂಚಾಯಿತಿಯವರು ಅಣಕು ಕಾರ್ಯಾಚರಣೆ ಇಟ್ಟುಕೊಂಡರು. ನೀರು ಬಂದರೆ ಜನರನ್ನು ಸಾಗಿಸುವುದು ಹೇಗೆಂದು ಕಲಿಯಬೇಕಿತ್ತು. ನಡೆಯಲಾಗದವರ ಪಾತ್ರಕ್ಕೆ ನನ್ನ ಚಿಕ್ಕಪ್ಪನ ಮಗನನ್ನು ಆರಿಸಿದರು. ಅವನು ಕಬಡ್ಡಿ ಆಟಗಾರ. ಬೀದಿಯಲ್ಲಿ ಚಾಪೆ ಹಾಸಿಕೊಂಡು ನರಳುತ್ತಿದ್ದ.

ಜಗಲಿಯಿಂದ ಅಜ್ಜಿ ಕೂಗಿದರು. "ಲೇ, ನಿಜವಾದ ಕುಂಟಿ ಇಲ್ಲಿ ಕೂತಿದೀನಿ ಕಣ್ಲಾ. ನೀನ್ಯಾಕೆ ಮಲಗಿದೀಯ?"

"ನಿಮಗೆ ತೊಂದ್ರೆ ಆಗ್ತದೆ ಅಂತ ಬಿಟ್ವಿ ಅಜ್ಜಿ," ಎಂದರು ಪಂಚಾಯಿತಿ ಕಾರ್ಯದರ್ಶಿ.

"ಹೋದ ವರ್ಷಾನೂ ಹಂಗೇ ಬಿಟ್ರಿ."

ಚಿಕ್ಕಪ್ಪನ ಮಗ ಎದ್ದು ಚಾಪೆ ಸುತ್ತಿದ. ಪ್ಲಾಸ್ಟಿಕ್ ಕುರ್ಚಿಗೆ ಎರಡು ಬಿದಿರು ಕಟ್ಟಿ, ಅಜ್ಜಿಯನ್ನು ಕೂರಿಸಿ ಹೊತ್ತು ಹೊರಟೆವು. ನಾಲ್ಕು ಹೆಗಲಲ್ಲಿ ನನ್ನದೂ ಒಂದು. ಒಂದು ವಿಷಯ ಮಾತ್ರ ಯಾರಿಗೂ ಹೊಳೆದಿರಲಿಲ್ಲ. ನಮ್ಮ ಜನರಲ್ಲಿ ತೀರಿಕೊಂಡವರನ್ನು ಮಲಗಿಸಿ ಒಯ್ಯುವುದಿಲ್ಲ. ವಿಮಾನವೆಂಬ ಬಿದಿರಿನ ಪೀಠ ಕಟ್ಟಿ, ಕೂರಿಸಿಕೊಂಡು ಒಯ್ಯುತ್ತೇವೆ.

ಮೂಲೆ ಅಂಗಡಿಯವನು ನಮ್ಮನ್ನು ದೂರದಿಂದಲೇ ನೋಡಿ ಷಟರ್ ಅರ್ಧ ಎಳೆದ. ತಲೆಯ ಟವಲ್ ತೆಗೆದು, ಕೈಮುಗಿದು ನಿಂತು, "ನಿನ್ನೆ ಚೆನ್ನಾಗೇ ಇದ್ರಲ್ಲಪ್ಪ" ಎಂದ ನನ್ನೊಡನೆ.

"ಇವತ್ತೂ ಚೆನ್ನಾಗೇ ಇದೀನಿ ಕಣಪ್ಪ," ಎಂದರು ಅಜ್ಜಿ ಮೇಲಿನಿಂದ. "ಷಟರ್ ಎತ್ತು, ವ್ಯಾಪಾರ ಕೆಡಿಸ್ಕೋಬೇಡ."

ಅಷ್ಟರಲ್ಲಿ ಯಾರೋ ಕಿಬ್ಬನಹಳ್ಳಿಯಲ್ಲಿದ್ದ ಅಜ್ಜಿಯ ತಮ್ಮನಿಗೆ ಫೋನ್ ಮಾಡಿಯಾಗಿತ್ತು.

ಭವನದ ಮೆಟ್ಟಿಲು ಹತ್ತುವಾಗ ಕುರ್ಚಿ ಹಿಂದಕ್ಕೆ ವಾಲಿತು. ಅಜ್ಜಿ ನನ್ನ ಕೂದಲು ಹಿಡಿದುಕೊಂಡರು. ಒಳಗೆ ಹೋದರೆ ಶೌಚಾಲಯದ ಬಾಗಿಲಿಗೆ ಬೀಗ, ಕೀ ಯಾರ ಹತ್ತಿರ ಇದೆಯೆಂದು ಯಾರಿಗೂ ಗೊತ್ತಿಲ್ಲ. ಕಾರ್ಯಾಚರಣೆ ಯಶಸ್ವಿಯಾಯಿತು ಎಂದು ಕಾರ್ಯದರ್ಶಿ ಹೇಳಿದ ಮೇಲೂ ಅಜ್ಜಿ ಕುರ್ಚಿಯಿಂದ ಇಳಿಯಲಿಲ್ಲ.

"ಮೆಟ್ಟಿಲ ಪಕ್ಕ ಇಳಿಜಾರು ಹಾಕ್ಸಿ. ಈ ಬೀಗದ ಕೀ ಮೊಳೆಗೆ ನೇತಾಕಿ. ನಿಜವಾಗ್ಲೂ ನೀರು ಬಂದ್ರೆ ಈ ಹುಡುಗನ ಕೂದ್ಲು ಸಾಲಲ್ಲ."

ಆಗಲೇ ಅಜ್ಜಿಯ ತಮ್ಮ ಬೈಕಿನಲ್ಲಿ ಬಂದಿಳಿದ. ಕೈಯಲ್ಲಿ ಸೇವಂತಿಗೆ ಹಾರ, ಕಣ್ಣಲ್ಲಿ ನೀರು. ಅಕ್ಕ ಕಾರ್ಯದರ್ಶಿಯನ್ನು ಬೈಯುತ್ತಿರುವುದನ್ನು ನೋಡಿ ಬಾಗಿಲಲ್ಲೇ ನಿಂತುಬಿಟ್ಟ.

"ತಂದಿದೀಯಲ್ಲ, ಹಾಕು. ಸುಮ್ನೆ ಬಾಡಿ ಹೋಗ್ತದೆ," ಎಂದರು ಅಜ್ಜಿ. ಹಾರ ಹಾಕಿಕೊಂಡೇ ಕೂತು, ಕಾರ್ಯದರ್ಶಿಯಿಂದ ಮಾತು ತೆಗೆದುಕೊಂಡರು.

ಇಳಿಜಾರು ಆಯಿತು. ಮೊದಲು ಅದನ್ನು ಹತ್ತಿದ್ದು ಪಕ್ಕದ ಮನೆಯ ಕರು. ಆ ಮಳೆಗಾಲದಲ್ಲಿ ಮತ್ತೆ ಕೋಡಿ ಬಿದ್ದಾಗ ಅಜ್ಜಿಯ ಕುರ್ಚಿ ಎಲ್ಲರಿಗಿಂತ ಮುಂಚೆ ಭವನ ಸೇರಿತು. ಅದರ ಹಿಂದೆಯೇ ಕಣ್ಣು ಕಾಣದ ನಿವೃತ್ತ ಮೇಷ್ಟ್ರು ಬಂದರು, ಕೂಸು ಎತ್ತಿಕೊಂಡ ಬಾಣಂತಿ ಬಂದಳು. ಕೊನೆಗೆ ಬಂದ ನಮ್ಮಪ್ಪನನ್ನು ಅಜ್ಜಿ ಬಾಗಿಲಲ್ಲೇ ತಡೆದು, "ಕಾಲಿದ್ದೂ ಇಷ್ಟು ತಡವಾ?" ಎಂದು ಕೇಳಿದರು.

ಹೋದ ಬೇಸಿಗೆಯಲ್ಲಿ ಅಜ್ಜಿ ನಿದ್ದೆಯಲ್ಲೇ ಹೋದರು. ವಿಮಾನ ಕಟ್ಟಿ, ಕೂರಿಸಿ, ಅದೇ ಬೀದಿಯಲ್ಲಿ ಹೊತ್ತು ನಡೆದೆವು. ಮೂಲೆ ಅಂಗಡಿಯವನು ತಿಪಟೂರಿಗೆ ಹೋಗಿದ್ದವನು ಆಗ ತಾನೇ ಬಂದು ಬಾಗಿಲು ತೆಗೆಯುತ್ತಿದ್ದ. ತಿರುಗಿ ನೋಡಿ ನಕ್ಕ.

"ಮೋಡಾನೇ ಇಲ್ವಲ್ಲಜ್ಜಿ, ಈಗ್ಲೇ ಎಲ್ಲಿಗೆ?"

ಮೇಲಿನಿಂದ ಉತ್ತರ ಬರಲಿಲ್ಲ. ಅವನು ಸ್ವಲ್ಪ ಹೊತ್ತು ಕಾದ. ಆಮೇಲೆ ಷಟರ್ ಪೂರ್ತಿ ಎಳೆದು ನಮ್ಮ ಜೊತೆ ನಡೆದ.

ಈಗ ಕೆರೆ ತುಂಬುತ್ತಾ ಬಂದರೆ ನಾನು ಮೊದಲು ಮೇಷ್ಟ್ರ ಮನೆಗೆ ಹೋಗುತ್ತೇನೆ. ಭವನದ ಶೌಚಾಲಯದ ಕೀ ಮೊಳೆಯಲ್ಲಿದೆಯೇ ಎಂದೂ ನೋಡಿ ಬರುತ್ತೇನೆ. ಆದರೆ ದಿನಚರಿಯಲ್ಲಿ ಒಂದು ಸಾಲು ಇನ್ನೂ ಖಾಲಿ ಇದೆ. ಆ ಸಂಜೆ ಅಜ್ಜಿ ಅಟ್ಟ ಹತ್ತಿದ್ದು ಹೇಗೆ? ಒಬ್ಬರೇ ಹತ್ತಿದರೋ, ಓಡುತ್ತಿದ್ದವರಲ್ಲಿ ಯಾರಾದರೂ ಹಿಂದೆ ತಿರುಗಿ ಬಂದು ಎತ್ತಿ ಕೂರಿಸಿದರೋ? ಗೊತ್ತಿದ್ದವರು ಎರಡು ಸಾಲು ಬರೆದು ತಿಳಿಸಿ. ಎತ್ತಿದವರು ನೀವೇ ಆಗಿದ್ದರೆ, ದಯವಿಟ್ಟು ಮನೆಗೇ ಬನ್ನಿ.